ಐದು ನಿಮಿಷದ ಪ್ರಾರ್ಥನೆ

"ನಮ್ಮ ಪ್ರಾರ್ಥನೆಗಿಂತ ನಿಮ್ಮದು ಬೇಗ ತಲುಪುತ್ತೆ ಸರ್. ಇವತ್ತು ನಮ್ಮ ಮನೆಯವರಿಗೆ ಅಂತ ಒಂದು ಮಾತು ಸೇರಿಸಿಬಿಡಿ."

ಲ್ಯಾಬಿನ ಮೆಟ್ಟಿಲ ತಿರುವಿನಲ್ಲಿ ಟೈಪಿಸ್ಟ್ ಡಾಕ್ಟರನ್ನು ಅಡ್ಡಗಟ್ಟಿದ್ದಳು. ಎಂಟೂವರೆಯ ಪ್ರಾರ್ಥನೆಗೆ ಇನ್ನೂ ಹತ್ತು ನಿಮಿಷ ಇತ್ತು. ಯಾರಾದರೂ ಕಷ್ಟ ಹೇಳಿಕೊಳ್ಳುವಾಗ ಹಾಕಿಕೊಳ್ಳುವ ಮುಖವನ್ನು ಅವನು ಹಾಕಿಕೊಂಡ.

"ಏನಾಗಿದೆ ಅವರಿಗೆ?"

"ಕುತ್ತಿಗೇಲಿ ಒಂದು ಗಂಟು. ಮೊನ್ನೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ನಮ್ಮಲ್ಲಿಗೇ ಬಂದಿದೆ. ನಾನೇ ಚೀಟಿ ಅಂಟಿಸ್ದೆ. ನಾನೂರ ಹದಿನೇಳು."

"ಓ."

"ಇನ್ನೂ ನಿಮ್ಮ ಕೈಗೆ ಬಂದಿರಲ್ಲ. ನಾಡಿದ್ದು ಬರುತ್ತೇನೋ. ಅಷ್ಟರಲ್ಲಿ ದೇವರ ಕಿವಿಗೆ ಹಾಕಿಟ್ರೆ ಒಳ್ಳೇದು ಅಂತ. ನಮ್ಮತ್ತೆ ಮೂರು ದಿನದಿಂದ ಊಟ ಬಿಟ್ಟು ಕೂತಿದ್ದಾರೆ. ಆದ್ರೂ ನಿಮ್ಮ ಧ್ವನಿನೇ ಬೇರೆ."

"ನೋಡೋಣ," ಎಂದ ಅವನು.

ನೋಡಿಯಾಗಿತ್ತು. ನಿನ್ನೆ ಸಂಜೆಯೇ. ಇವತ್ತು ಮಧ್ಯಾಹ್ನ ರಜೆ ಹಾಕಿ ಕೂದಲು ಕತ್ತರಿಸಿಕೊಳ್ಳುವ ಯೋಚನೆ ಇದ್ದದ್ದರಿಂದ ಟ್ರೇಯಲ್ಲಿದ್ದ ಒಂಬತ್ತೂ ಸ್ಲೈಡುಗಳನ್ನು ಒಂದೇ ಉಸಿರಿಗೆ ಮುಗಿಸಿದ್ದ. ಸ್ಲೈಡಿನ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಡಾಕ್ಟರ ಕಣ್ಣಿಗೆ ಮಮತೆಯ ಪೊರೆ ಬರಬಾರದೆಂದು ಲ್ಯಾಬಿನ ಯಜಮಾನರು ಮಾಡಿದ ನಿಯಮ ಅದು. ಅವನಿಗೆ ಆ ನಿಯಮ ಚೆನ್ನಾಗಿ ಒಗ್ಗಿತ್ತು. ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಪುಟ್ಟ ರೆಕಾರ್ಡರಿಗೆ ಹೇಳಿ ಟೈಪಿಸ್ಟಿನ ಮೇಜಿನ ಮೇಲಿಟ್ಟರೆ ಅವನ ಕೆಲಸ ಮುಗಿಯಿತು. ಹೆಡ್‌ಫೋನ್ ಹಾಕಿ ಕೇಳಿಸಿಕೊಂಡು ಟೈಪ್ ಮಾಡುವುದು ಅವಳ ಕೆಲಸ.

ನಾನೂರ ಹದಿನೇಳು ಎಲ್ಲಕ್ಕಿಂತ ಸುಲಭದ್ದಾಗಿತ್ತು. ಎರಡನೆಯ ಸಲ ನೋಡುವ ಅಗತ್ಯವೇ ಇರಲಿಲ್ಲ, ಅಷ್ಟು ಸ್ಪಷ್ಟವಾಗಿ ಕೆಟ್ಟಿತ್ತು. ಐದು ವಾಕ್ಯಗಳಲ್ಲಿ ಹೇಳಿ ಮುಗಿಸಿ, ಕೊನೆಯ ವಾಕ್ಯ ಅಚ್ಚುಕಟ್ಟಾಗಿ ಬಂತೆಂದು ಒಳಗೊಳಗೇ ಮೆಚ್ಚಿಕೊಂಡಿದ್ದ. ಮನೆಗೆ ಹೋಗಿ ಉಂಡು ಮಲಗಿದ್ದ. ನಿದ್ದೆಯೂ ಚೆನ್ನಾಗಿ ಬಂದಿತ್ತು.

ಅವನ ಧ್ವನಿ ದೇವರ ಸೇವೆಗೆ ನಿಂತದ್ದು ಹನ್ನೊಂದು ವರ್ಷದ ಹಿಂದೆ. ಯಜಮಾನರಿಗೆ ಹೃದಯಾಘಾತವಾಗಿ, ಸತ್ತೇ ಹೋದರು ಎಂದು ಎಲ್ಲರೂ ಅಂದುಕೊಂಡಾಗ ಎದ್ದು ಕೂತು, ಇನ್ನು ಮೇಲೆ ಲ್ಯಾಬಿನ ದಿನ ಐದು ನಿಮಿಷದ ಪ್ರಾರ್ಥನೆಯಿಂದಲೇ ಶುರುವಾಗಬೇಕೆಂದು ಅಪ್ಪಣೆ ಮಾಡಿದರು. ಮೊದಲ ದಿನ ನಾಲ್ಕು ಜನ ಬಂದರು. ಯಜಮಾನರು ಬೇಸರಪಟ್ಟುಕೊಳ್ಳದೆ, ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರವನ್ನು ಬಾಗಿಲಿನಿಂದ ಕಿತ್ತು ಪ್ರಾರ್ಥನೆಯ ಹಾಲಿನಲ್ಲಿ ಹಾಕಿಸಿದರು. ಮರುದಿನದಿಂದಲೇ ಮೂವತ್ತಾರೂ ಜನರಲ್ಲಿ ಭಕ್ತಿ ಉಕ್ಕಿತು.

ಹೇಳಿಕೊಡುವುದಕ್ಕೆ ಒಬ್ಬರು ಬೇಕಿತ್ತು. ಯಜಮಾನರಿಗೆ ಕೆಮ್ಮು. ಡ್ರೈವರ್ ಪ್ರಯತ್ನಿಸಿದ, ಆದರೆ ಅವನು ದೇವರನ್ನು ಗದರಿಸುತ್ತಿದ್ದಾನೆ ಎನ್ನಿಸುತ್ತಿತ್ತು. ಕೊನೆಗೆ ಇವನ ಗಂಟಲಿಗೆ ಬಂತು. ಕಾಲೇಜಿನಲ್ಲಿ ದೇವರಿಲ್ಲ ಎಂದು ವಾದಿಸಿ ಬಹುಮಾನ ಗೆದ್ದವನು ಇವನು. ಆಗ ಗೆಲ್ಲಿಸಿದ್ದೂ ಇದೇ ಧ್ವನಿ. ಈಗ ಎಲ್ಲರ ಬಾಯಲ್ಲಿ 'ಭಕ್ತ ಡಾಕ್ಟ್ರು'. ಮನೆಯಲ್ಲಿ ಹೆಂಡತಿ ಮಾತ್ರ, "ಹಾಜರಿ ಹಾಕದ ಕಡೆ ನಿಮಗೆ ಭಕ್ತಿ ಬರಲ್ಲ ಅಲ್ವಾ" ಎಂದು ಕೇಳುತ್ತಿದ್ದಳು.

ಟೈಪಿಸ್ಟ್ ಬೆಳಿಗ್ಗೆ ಐದು ನಿಮಿಷ ಅವನ ಪ್ರಾರ್ಥನೆ ಕೇಳುತ್ತಿದ್ದಳು, ಉಳಿದ ಹೊತ್ತು ಅವನ ವರದಿ. ಎರಡರಲ್ಲೂ ಧ್ವನಿ ಒಂದೇ ಏರಿಳಿತದ್ದು.

ಅವನು ಮೆಟ್ಟಿಲು ಹತ್ತಿ ನೇರವಾಗಿ ಅವಳ ಮೇಜಿನ ಬಳಿಗೆ ಹೋದ. ಅವಳು ಅವನಿಗಿಂತ ಮೊದಲೇ ಬಂದು ಕೀಬೋರ್ಡಿನ ಧೂಳು ಒರೆಸುತ್ತಿದ್ದಳು. ರೆಕಾರ್ಡರ್ ನಿನ್ನೆ ಇಟ್ಟಲ್ಲೇ ಇತ್ತು.

"ಅದನ್ನೊಂದು ನಿಮಿಷ ಕೊಡಿ."

"ಯಾಕೆ ಸರ್?"

"ಒಂದು ಕಡೆ ತಿದ್ದಬೇಕು."

"ಯಾವ ನಂಬರು ಹೇಳಿ, ನಾನೇ ಗುರುತು ಹಾಕ್ಕೊಳ್ತೀನಿ. ನಿಮಗ್ಯಾಕೆ ತೊಂದರೆ." ಅವಳು ಪೆನ್ಸಿಲ್ ತೆಗೆದುಕೊಂಡಳು.

ಬೇರೆ ಎಂಟು ನಂಬರುಗಳಿದ್ದವು, ಯಾವುದನ್ನು ಹೇಳಿದರೂ ನಡೆಯುತ್ತಿತ್ತು. ಬಾಯಿಯ ತುದಿಗೆ ಬಂದದ್ದು ಒಂಬತ್ತನೆಯದಾದ ನಾನೂರ ಹದಿನೇಳೊಂದೇ.

"ಬೇಡ ಬಿಡಿ. ಸರಿಯಾಗೇ ಇದೆ."

"ನೀವು ತಪ್ಪೋದು ನಾನಂತೂ ಕಂಡಿಲ್ಲ," ಎಂದು ಅವಳು ನಕ್ಕಳು.

ಆಗಲೇ ಹೇಳಿಬಿಡಬಹುದಿತ್ತು. ಪಕ್ಕದ ಕೋಣೆಗೆ ಕರೆದು, ಕೂರಿಸಿ, ಒಂದು ಲೋಟ ನೀರು ಕೊಟ್ಟು ಹೇಳುವ ಮಾತು ಅದು. ಆದರೆ ಕೆಟ್ಟ ವರದಿಗೆ ಹಿರಿಯ ಡಾಕ್ಟರ ಸಹಿ ಬೀಳುವ ತನಕ ಬಾಯಿ ಬಿಡಬಾರದೆಂಬ ನಿಯಮ ಅವನಿಗೆ ಸಮಯಕ್ಕೆ ಸರಿಯಾಗಿ ನೆನಪಾಯಿತು. ಪ್ರಾರ್ಥನೆಯ ಗಂಟೆ ಹೊಡೆಯಿತು. ಪ್ರಾರ್ಥನೆ ಮುಗಿದ ಕೂಡಲೇ ಹೇಳುತ್ತೇನೆ ಎಂದುಕೊಂಡು ಅವನು ಹಾಲಿನ ಕಡೆ ನಡೆದ.

ಯಂತ್ರ ಮೂವತ್ತಾರು ಸಲ ಕೀಚ್ ಎಂದಿತು. ಯಜಮಾನರು ಮುಂದಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿದರು. ದಿನವೂ ಮೂರನೆಯ ಸಾಲಿನಲ್ಲಿ ನಿಲ್ಲುವ ಟೈಪಿಸ್ಟ್ ಇವತ್ತು ಮೊದಲ ಸಾಲಿಗೆ ಬಂದು ಕೈ ಜೋಡಿಸಿದಳು.

"ದೇವರೇ, ಈ ಬೆಳಗಿಗೆ ನಿನಗೆ ವಂದನೆ. ನಮ್ಮ ಕೈ ನಡುಗದಿರಲಿ, ಕಣ್ಣು ತಪ್ಪದಿರಲಿ." ಮಾತುಗಳು ತಮ್ಮಷ್ಟಕ್ಕೆ ತಾವೇ ಹೊರಟವು. "ನಮ್ಮಲ್ಲೊಬ್ಬರ ಮನೆಯವರು ಕಾಯಿಲೆಯಲ್ಲಿದ್ದಾರೆ. ಅವರ ಮೇಲೆ ಕೈಯಿಡು." ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ಐದು ನಿಮಿಷವಾಯಿತು. ಇನ್ನುಳಿದದ್ದು ಕೊನೆಯ ಸಾಲು, 'ಈ ದಿನವನ್ನು ನಿನಗೆ ಒಪ್ಪಿಸಿದ್ದೇವೆ' ಎಂಬುದು. ಅದನ್ನು ಹೇಳಿದರೆ ಎಲ್ಲರೂ ಕಣ್ಣು ತೆರೆಯುತ್ತಾರೆ. ಅವಳು ಮೇಜಿಗೆ ಹೋಗಿ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ.

ಅವನು ಹೇಳಲಿಲ್ಲ. ದಾದಿಯರಿಗಾಗಿ ಪ್ರಾರ್ಥಿಸಿದ. ಡ್ರೈವರುಗಳಿಗಾಗಿ, ರಸ್ತೆ ರಿಪೇರಿ ಮಾಡುವವರಿಗಾಗಿ, ಗಾಜು ಉಜ್ಜಿ ಮಸೂರ ಮಾಡುವವರಿಗಾಗಿ, ಯಜಮಾನರ ಹೃದಯದ ನಾಲ್ಕೂ ಕೋಣೆಗಳಿಗಾಗಿ ಒಂದೊಂದಾಗಿ ಪ್ರಾರ್ಥಿಸಿದ. ಯಜಮಾನರ ಕಣ್ಣು ತೇವವಾಯಿತು. ಲೆಕ್ಕಿಗ ಒಂದು ಕಣ್ಣು ತೆರೆದು ಗಡಿಯಾರ ನೋಡಿದ. ಭಕ್ತ ಡಾಕ್ಟರಿಗೆ ಇವತ್ತು ನಿಜವಾಗಿಯೂ ಮೈಮೇಲೆ ಬಂದಿದೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

ಒಂಬತ್ತನೆಯ ನಿಮಿಷಕ್ಕೆ ಅವನಿಗೆ ಗೊತ್ತಾಯಿತು, ತಾನು ನಿಜಕ್ಕೂ ಬೇಡುತ್ತಿದ್ದೇನೆ ಎಂದು. ನಿನ್ನೆ ತಾನು ನೋಡಿದ ಗಾಜಿನೊಳಗೆ ತಾನು ನೋಡಿದ್ದು ಇಲ್ಲದಿರಲಿ. ತನ್ನ ಕಣ್ಣು ತಪ್ಪಿರಲಿ. ಇಪ್ಪತ್ತು ವರ್ಷ ಒಂದು ಸ್ಲೈಡೂ ತಪ್ಪದವನು, ಅದೊಂದೇ ಮತವನ್ನು ನಂಬಿಕೊಂಡವನು, ಮೂವತ್ತಾರು ಜನರ ಮುಂದೆ ತನ್ನ ತಪ್ಪಿಗಾಗಿ ಬೇಡುತ್ತಿದ್ದ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಏಕೆಂದರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ ಎಂದು ಅವನೇ ಹಿಂದೆ ಸಾಧಿಸಿ ತೋರಿಸಿದ್ದ.

ಹದಿನಾಲ್ಕನೆಯ ನಿಮಿಷಕ್ಕೆ ಮಾತು ಬತ್ತಿತು. ಹೊರಗೆ ಫೋನು ಬಡಿದುಕೊಳ್ಳುತ್ತಿತ್ತು. ಯಜಮಾನರು ಕೆಮ್ಮಿದರು.

"ಈ ದಿನವನ್ನು ನಿನಗೆ ಒಪ್ಪಿಸಿದ್ದೇವೆ," ಎಂದ.

ಯಜಮಾನರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ವರ್ಷದಲ್ಲಿ ಇಂಥಾದ್ದು ಕೇಳಿಲ್ಲ ಕಣಯ್ಯ. ನಾಳೆಯಿಂದ ಹದಿನೈದು ನಿಮಿಷ ಮಾಡಿಬಿಡೋಣ."

"ಆಗಲಿ ಸರ್."

ಟೈಪಿಸ್ಟ್ ಪಕ್ಕದಲ್ಲಿ ಒಂದು ಕ್ಷಣ ನಿಂತಳು. "ಇಷ್ಟು ಸಾಕು ಸರ್. ಇನ್ನು ನಂಗೆ ಭಯ ಇಲ್ಲ," ಎಂದು ಕಣ್ಣೊರೆಸಿಕೊಂಡು ಹೋದಳು.

ಯಜಮಾನರು ತಮ್ಮ ಹೃದಯದ ಕಥೆಯನ್ನು ಆಂಬುಲೆನ್ಸಿನಿಂದ ಶುರುಮಾಡಿದರು. ಕೈ ಬಿಡಿಸಿಕೊಳ್ಳಬಹುದಿತ್ತು, ಎಪ್ಪತ್ತರ ಮುದುಕರ ಹಿಡಿತ ಅದು. ಅವನು ಬಿಡಿಸಿಕೊಳ್ಳಲಿಲ್ಲ. ಅವರ ಭುಜದಾಚೆ ಗಾಜಿನ ಗೋಡೆ, ಗೋಡೆಯಾಚೆ ಅವಳ ಮೇಜು ಕಾಣುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡಳು. ರೆಕಾರ್ಡರ್ ಓಡಿಸುವ ಪೆಡಲಿನ ಮೇಲೆ ಕಾಲಿಟ್ಟಳು. ನಾನೂರ ಒಂಬತ್ತರಿಂದ ಶುರು. ಪ್ರಿಂಟರಿನಿಂದ ಮೊದಲ ಹಾಳೆ ಬಂತು, ಎರಡನೆಯದು ಬಂತು. ಕಥೆಯಲ್ಲಿ ಯಜಮಾನರನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಹೊತ್ತಿಗೆ ಐದು ಹಾಳೆಗಳಾಗಿದ್ದವು. ಅವರು ಕಣ್ಣು ಬಿಟ್ಟಾಗ ಎಂಟು.

ಒಂಬತ್ತನೆಯದು ಬರಲಿಲ್ಲ. ಯಜಮಾನರು ಅವನ ಬೆನ್ನು ತಟ್ಟಿ ಹೊರಟುಹೋದರು. ಅವನು ಗಾಜಿನ ತನಕ ಹೋಗಿ ನಿಂತ. ಬಾಗಿಲು ನಾಲ್ಕು ಹೆಜ್ಜೆಯಲ್ಲಿತ್ತು.

ಅವಳ ಬೆರಳುಗಳು ಕೀಗಳಿಂದ ಎದ್ದು ಕಿವಿಗೆ ಹೋಗಿದ್ದವು. ಕಾಲಿನಿಂದ ಪೆಡಲಿನ ಹಿಂಬದಿಯನ್ನು ಒತ್ತಿ, ರೆಕಾರ್ಡರನ್ನು ಹಿಂದಕ್ಕೆ ಓಡಿಸಿ, ಹೇಳಿದ್ದನ್ನು ಮತ್ತೆ ಕೇಳಿಸಿಕೊಂಡಳು. ಇನ್ನೊಮ್ಮೆ ಒತ್ತಿದಳು. ಕಣ್ಣು ಮುಚ್ಚಿ, ತಲೆ ಬಾಗಿಸಿ, ಎರಡೂ ಅಂಗೈಗಳಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು. ತುಟಿಗಳು ಅವನ ಐದು ವಾಕ್ಯಗಳ ಹಿಂದೆ ಹಿಂದೆಯೇ ಅಲುಗುತ್ತಿದ್ದವು. ಗಾಜಿನ ಈಚೆ ಒಂದು ಸದ್ದೂ ಇರಲಿಲ್ಲ. ಅವನ ಮಾತನ್ನು ಅಷ್ಟು ಶ್ರದ್ಧೆಯಿಂದ ಈ ತನಕ ಯಾರೂ ಕೇಳಿರಲಿಲ್ಲ.

ಅವಳ ಕಾಲು ಮತ್ತೆ ಪೆಡಲಿನ ಹಿಂಬದಿಗೆ ಹೋಯಿತು.