ಇನ್ನೂರ ಹನ್ನೆರಡು ಸೆಕೆಂಡು

ಇನ್ನೂರ ಹನ್ನೆರಡು, ಮಿಕ್ಕ ಪ್ರಶ್ನೆಗಳಿಗೆಲ್ಲ ನಾಲ್ಕು, ಆರು, ಹೆಚ್ಚೆಂದರೆ ಒಂಬತ್ತು ಸೆಕೆಂಡು, ಇದೊಂದಕ್ಕೇ ಇನ್ನೂರ ಹನ್ನೆರಡು, ಇದು ನಾನು ಸಮೀಕ್ಷೆಯಿಂದ ಕಿತ್ತೆಸೆದ ಸಾಲುಗಳ ಫೈಲು, ಯಾರೂ ತೆರೆಯದ ಫೈಲು, ಒಂದು ಪ್ರಶ್ನೆಗೆ ಎರಡು ನಿಮಿಷ ದಾಟಿಸಿದವರು ಗಮನವಿಟ್ಟು ಉತ್ತರಿಸಿಲ್ಲ, ತೆಗೆದುಹಾಕು ಎಂದು ಪ್ರೋಗ್ರಾಂ ಬರೆದವಳು ನಾನೇ, ವರ್ಷಿಣಿ, ಮನಶ್ಶಾಸ್ತ್ರದ ಸಂಶೋಧಕಿ, ದೊಡ್ಡ ಬುದ್ಧಿವಂತೆ — ಇಂಥವೆಲ್ಲ ಕಸ ಕಣಮ್ಮ, ತೆಗೆದುಬುಡು ಅಂದಿದ್ದರು ಗೈಡು ದಯಾನಂದ್ ಸರ್, ತೆಗೆದೆ, ಮೂರು ವಾರವಾಯಿತು, ಒಂಬತ್ತನೇ ಪ್ರಶ್ನೆ, ಸತ್ತರೆ ಚೆನ್ನಾಗಿತ್ತು ಅನ್ನಿಸುತ್ತದೆಯೇ, ಉತ್ತರ, ದಿನಾಲೂ. ಕಾಲೇಜು ಲ್ಯಾಬಿನ ಫ್ಯಾನು ಕಿರ್ರೆನ್ನುತ್ತಿದೆ, ಹೆಸರಿಲ್ಲ, ಹೆಸರು ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ, ಊರು ದಬ್ಬೇಘಟ್ಟ, ಸಮಯ ನಾಲ್ಕು ಗಂಟೆ ಆರು ನಿಮಿಷ, ನಾಲ್ಕೂ ಹತ್ತಕ್ಕೆ ತಿಪಟೂರಿನ ಬಸ್ಸು, ಅವತ್ತು ಕೊಬ್ಬರಿ ಒಡೆಯುವ ಶೆಡ್ಡಿನಲ್ಲಿ ಪ್ರಶ್ನೆಗಳಿದ್ದ ನನ್ನ ಫೋನು ಹೆಂಗಸರ ಕೈಯಿಂದ ಕೈಗೆ ಹೋಗಿ ಕೊನೆಗೆ ಬಂದದ್ದು ಸಿದ್ದಕ್ಕನ ಕೈಗೆ, ಸೆರಗಿಗೆ ಕೈ ಒರೆಸಿಕೊಂಡು ಕಂಬಕ್ಕೊರಗಿ ನಿಂತರು, ಹೆಬ್ಬೆರಳು ಗಾಜಿನ ಮೇಲೆ, ಮುಟ್ಟಿಲ್ಲ, ಇದ್ನ ಯಾರವ್ವಾ ನೋಡಾದು, ಯಾರೂ ನೋಡಲ್ಲ ಅಕ್ಕಾ, ಬೇಗ ಒತ್ತಿ, ಬಸ್ ಬತ್ತದೆ — ನನ್ನ ಬಾಯಿಗೆ ಬೆಂಕಿ ಹಾಕ, ಬೇಗ ಒತ್ತಿ ಅಂದೆನಲ್ಲ, ಅವರು ಒತ್ತಿದರು, ನಾನು ಓಡಿ ಬಸ್ಸು ಹತ್ತಿದೆ, ಕಿಟಕಿ ಸೀಟು ಸಿಕ್ಕಿತೆಂದು ಖುಷಿಪಟ್ಟೆ.

ಈಗ ಫೋನು ಮಾಡಿದರೆ ಕೊಟ್ಟ ಮಾತು ಮುರಿದಂತೆ, ನಾಳೆ ಆ ಶೆಡ್ಡಿನಲ್ಲಿ ಯಾರು ನನಗೆ ನಿಜ ಹೇಳುತ್ತಾರೆ, ಸರ್‌ನ ಕೇಳಿದರೆ ಕಾಲೇಜಿನ ನೀತಿ ಸಮಿತಿ ಸೇರಲಿ ತಡಿಯಮ್ಮ ಅನ್ನುತ್ತಾರೆ, ಸಮಿತಿ ಸೇರುವಷ್ಟರಲ್ಲಿ ಅವರು — ಥೂ, ಬಿಡ್ತು ಅನ್ನು, ಶೆಡ್ಡು ನೋಡಿಕೊಳ್ಳುವ ರಂಗಕ್ಕನ ನಂಬರಿದೆ, ರಿಂಗಾಗುತ್ತಿದೆ, ಮೂರು ವಾರ, ದಿನಾಲೂ ಅಂದರೆ ಇಪ್ಪತ್ತೊಂದು ಸಲ, ರಂಗಕ್ಕಾ, ಸಿದ್ದಕ್ಕ ಕೆಲ್ಸಕ್ಕೆ ಬಂದವ್ರಾ, ಬಂದವ್ಳೆ ಕಣವ್ವ, ಇಲ್ಲೇ ಚಿಪ್ಪು ಬಿಡಿಸ್ತಾವ್ಳೆ, ಏನ್ ಸಮಾಚಾರ, ಕೊಡ್ಲಾ. ಇದ್ದಾರೆ, ದೇವರೇ, ಇದ್ದಾರೆ, ಕಣ್ಣು ತುಂಬಿ ಅಂಕಿಗಳೆಲ್ಲ ಕಲಸಿಹೋದವು, ಕೊಡಿ ಅಕ್ಕಾ, ಒಸಿ ಆಚೆಗೋಗಿ ಮಾತಾಡ್ಲಿ, ಕೊಬ್ಬರಿ ಒಡೆಯುವ ಸದ್ದು ದೂರವಾಗುತ್ತಿದೆ, ಯಾರವ್ವಾ, ಅವತ್ತು ಪ್ರಶ್ನೆ ಕೇಳಕ್ಕೆ ಬಂದಿದ್ದ ಹುಡುಗೀನಾ, ಹೂಂ ಅಕ್ಕಾ, ಯಾರೂ ನೋಡಲ್ಲ ಅಂದಿದ್ದೆ, ನಾನು ನೋಡ್ದೆ, ಈಗ್ಲೇ ಬಸ್ ಹತ್ತಿ ಬತ್ತಿದ್ದೀನಿ, ಇರ್ತೀರಲ್ಲಾ — ಆ ಕಡೆ ಉಸಿರಷ್ಟೇ, ಫೋನಿನಲ್ಲಿ ಸೆಕೆಂಡುಗಳು ಓಡುತ್ತಿವೆ, ಇಪ್ಪತ್ತು, ನಲವತ್ತು, ಎಂಬತ್ತು, ಓಡಲಿ, ಈ ಸಲ ನಾನು ಅವಸರ ಮಾಡುವುದಿಲ್ಲ, ಅವರು ಹೂಂ ಅನ್ನಲಿ, ಊಹೂಂ ಅನ್ನಲಿ, ಏನಾದರೂ ಅನ್ನಲಿ, ಕಣ್ಣ ಮುಂದೆ ಅವತ್ತಿನದೇ, ಅವರ ಉಗುರಿನ ಸಂದಿಯಲ್ಲಿ ಕೊಬ್ಬರಿ ಚೂರು, ಗಾಜಿನ ಮೇಲೆ ಆ ಹೆಬ್ಬೆರಳು, ಇನ್ನೂ ಮುಟ್ಟದ ಹೆಬ್ಬೆರಳು