ಹೊಸ ಡಿಸ್ಕಿನ ಕೆಳಗೆ

ಬ್ಯಾಕಪ್ ಟೇಪು ನಿಂತಿತೇ, ಇಲ್ಲ, ಕರ್ರೆಂದು ಸ್ವಲ್ಪ ಹಿಂದೆ ಹೋಗಿ ಮತ್ತೆ ಮುಂದೆ ಓಡುತ್ತಿದೆ, ಈ ಎಸಿ ಕೋಣೆಯಲ್ಲಿ ಸೆರಗನ್ನು ಎಷ್ಟು ಎಳೆದುಕೊಂಡರೂ ಭುಜ ತಣ್ಣಗೇ, ಹೊರಗೆ ರಾಂಜಣಗಾಂವದ ಬಿಸಿಲು, ಪ್ರೆಸ್ ಶಾಪಿನಲ್ಲಿ ಒಂದು ಮಷೀನೂ ಸದ್ದು ಮಾಡುತ್ತಿಲ್ಲ, ಡ್ರಾಯಿಂಗ್ ಇಲ್ಲದೆ ತಗಡು ಒತ್ತುವ ಡೈ ಹೇಗೆ ಮಾಡಿಯಾರು, ದೀಪಾವಳಿಯವರೆಗಿನ ಡ್ರಾಯಿಂಗ್ ಎಲ್ಲ ನಿನ್ನೆ ಸರ್ವರಿನ ಡಿಸ್ಕು ಕೆಟ್ಟಾಗ ಅದರೊಂದಿಗೇ ಹೋದವು, ಬೆಳಿಗ್ಗೆ ಮೀಟಿಂಗಿನಲ್ಲಿ ಮ್ಯಾನೇಜರ್ ಏಕನಾಥ ಸಾಹೇಬರು ಬ್ಯಾಕಪ್ ಯಾರು ನೋಡುತ್ತಾರೆ ಎಂದು ಕೇಳಿದಾಗ ರಾಘಣ್ಣ ನನ್ನ ಕಡೆ ತಿರುಗಲೂ ಇಲ್ಲ, ತ್ರಿವೇಣಿ ಮ್ಯಾಡಮ್ ಬಘತಾತ ಎಂದ, ಮ್ಯಾಡಮ್ ನೋಡಿಕೊಳ್ಳುತ್ತಾರೆ ಅಂತೆ, ಮ್ಯಾಡಮ್, ವೈಟುಕೆ ವರ್ಷ, ಎರಡು ಸಾವಿರ ಬಂದರೆ ಕಂಪ್ಯೂಟರೆಲ್ಲ ನಿಲ್ಲುತ್ತವೆ ಎಂದಾಗ, ನಾವಿಬ್ಬರೇ ಕೂತು ಈ ಸರ್ವರ್ ಎಬ್ಬಿಸಿದವರು, ನನ್ನನ್ನು ತಂಗಿ ಎಂದೇ ಕರೆದವನು, ಪಂಚಮಿಗೆ ಹೆಂಡತಿ ಕಟ್ಟಿದ ಶೇಂಗಾ ಉಂಡಿ ತಂದು ನನ್ನ ಟೇಬಲ್ಲಿನ ಮೇಲಿಟ್ಟು, ನಿನಗ ಅಣ್ಣತಮ್ಮರು ಇಲ್ಲಂತ ಯಾರಂದರು, ಪುಣೆದಾಗ ನಿನ್ನ ತವರುಮನಿ ನಾನ ಅಂತ ತಿಳ್ಕೊ ಎಂದವನು, ಇವತ್ತು ಅಷ್ಟು ಜನರ ನಡುವೆ ಮರಾಠಿಯಲ್ಲಿ ಮ್ಯಾಡಮ್ ಮಾಡಿಬಿಟ್ಟ, ನನ್ನ ಮರಾಠಿ ನಿಗಡಿಯ ಮಾರ್ಕೆಟ್ಟಿನಲ್ಲಿ ಮೆಂತ್ಯ ಕೊಳ್ಳುವಷ್ಟು, ಸಾಹೇಬರ ಮುಂದೆ ನನ್ನ ಪರವಾಗಿ ಮಾತನಾಡುವವನು ಯಾವಾಗಲೂ ರಾಘಣ್ಣನೇ, ಸಂಜೆಯೊಳಗೆ ಟೇಪಿನಲ್ಲಿ ಏನೂ ಸಿಗದಿದ್ದರೆ ನಾಳೆಯಿಂದ ಬರುವುದು ಬೇಡ ಎಂದು ಸಾಹೇಬರು ಹೇಳಿದ್ದೂ ಮರಾಠಿಯಲ್ಲೇ, ಅದಂತೂ ಚೆನ್ನಾಗಿ ಅರ್ಥವಾಯಿತು.

ಬಂತು, ಡ್ರಾಯಿಂಗ್ ಫೋಲ್ಡರ್ ಇಳಿಯಿತು, ಖಾಲಿ ಇಲ್ಲ, ತುಂಬಿದೆ, ಎದೆ ಹಗುರಾಯಿತು, ಆದರೆ ಎಲ್ಲ ಹಳೆಯವು, ಎಲ್ಲಕ್ಕಿಂತ ಕೊನೆಯದು ಜೂನಿನದು, ಅವ್ವ ಹೋದ ಮರುದಿನದ್ದು, ಅದರ ಮುಂದೆ ಏನೂ ಇಲ್ಲ. ಟೇಪಿಗೆ ಬ್ಯಾಕಪ್ ತೆಗೆದದ್ದು ಮೊನ್ನೆ, ಒಳಗಿರುವುದು ಜೂನು, ಹೇಗೆ, ಅಯ್ಯೋ, ಹಾಗಾದರೆ— ಸರ್ವರಿನಲ್ಲಿ ಜಾಗವನ್ನು ಭಾಗ ಮಾಡಿರುತ್ತಾರೆ, ಒಂದೊಂದು ಭಾಗ ಒಂದೊಂದು ಕೋಣೆ, ಟೇಪು ತನಗೆ ಹೇಳಿದ ಕೋಣೆಯಲ್ಲಿರುವುದನ್ನಷ್ಟೇ ಬಳಿದುಕೊಳ್ಳುತ್ತದೆ, ಪಕ್ಕದ್ದಕ್ಕೆ ಕಾಲಿಡುವುದಿಲ್ಲ, ಇದನ್ನು ಕಲಿಸಿದವನೂ ಅವನೇ, ಹಳೆಯ ಫೋಲ್ಡರಿನ ಜಾಗದಲ್ಲಿ ಅದೇ ಹೆಸರಿಗೆ ಹೊಸ ಡಿಸ್ಕು ಜೋಡಿಸಿದರೆ ಜಮಖಾನೆಯ ಮೇಲೆ ಜಮಖಾನೆ ಹಾಸಿದ ಹಾಗೆ, ಕೂತವರಿಗೆ ಕಾಣುವುದು ಮೇಲಿನದು, ಟೇಪು ಮಾತ್ರ ದಿನವೂ ಕೆಳಗಿನದನ್ನೇ ಮಡಿಚಿಕೊಂಡು ಬಂದು ಎಲ್ಲ ಸರಿಯಾಗಿದೆ ಎನ್ನುತ್ತದೆ, ಹಾಸಿದವರು ಹೇಳಬೇಕು, ಹೇಳಲಿಲ್ಲ. ಬಾಗಲಕೋಟೆಯಿಂದ ಅವ್ವನ ಸುದ್ದಿಯ ಫೋನು ಬಂದಾಗ ನನ್ನನ್ನು ಸ್ಕೂಟರಿನಲ್ಲಿ ಸ್ವಾರಗೇಟಿನವರೆಗೆ ಕರೆದೊಯ್ದು ಬಸ್ಸು ಹತ್ತಿಸಿದವನು, ಕಿಟಕಿಯ ಸರಳಿನ ಮೇಲೆ ಅಂಗೈ ಇಟ್ಟು, ನೀ ಹೋಗವ್ವ, ಇಲ್ಲಿಂದು ನಾ ನೋಡ್ಕೋತೀನಿ ಎಂದು ಬಸ್ಸು ಹೊರಡುವವರೆಗೆ ಕೈ ತೆಗೆಯದವನು, ಮರುದಿನ, ಅಲ್ಲಿ ನಾನು ಅವ್ವನ ಸೀರೆಗಳನ್ನು ಮಡಿಚಿಡುತ್ತಿದ್ದಾಗ, ಇಲ್ಲಿ ಹೊಸ ಡಿಸ್ಕು ಜೋಡಿಸಿದ್ದಾನೆ, ನಿನ್ನೆ ಕೆಟ್ಟದ್ದು ಅದೇ, ಜೋಡಿಸಲಿ, ಜಾಗ ಸಾಲದೆ ಜೋಡಿಸಿರಬೇಕು, ಹೇಳಲು ಮರೆತಿರಬೇಕು, ಮರೆವಿಗೆ ನಾನು ಸಿಟ್ಟಾಗುವವಳಲ್ಲ. ಆದರೆ ನಾನು ಕೇಳಿದ್ದೆನಲ್ಲ, ಶ್ರಾವಣದಲ್ಲಿ, ಕ್ಯಾಂಟೀನಿನಲ್ಲಿ, ರಾಘಣ್ಣ, ಬ್ಯಾಕಪ್ ಯಾಕೋ ಬೆಳೀವಲ್ದು, ದಿನಾ ಅಷ್ಟ ಅದ ಅಂತ, ಅವನು ಚಹಾ ಬಾಯಿಗೆ ಒಯ್ದವನು ಹಾಗೇ ನಿಂತ, ಆಮೇಲೆ ನಕ್ಕ, ಈಗ ಕೆಲಸ ಕಡಿಮಿ ಅದ, ಟೇಪ್ ಏನು ಉಬ್ಬತದೇನು ನಿನ್ನ ಹೋಳಿಗಿಗತೆ, ನಾನೂ ನಕ್ಕೆ, ಆಗಲೇ ಹೊಳೆದಿತ್ತು ಅವನಿಗೆ, ಆ ಲೋಟ ನಿಂತಾಗಲೇ, ಆವತ್ತೇ ಸರಿಮಾಡಿದ್ದರೆ ಇವತ್ತು ಒಂದು ಡ್ರಾಯಿಂಗೂ ಹೋಗುತ್ತಿರಲಿಲ್ಲ, ಆದರೆ ಹೊಸ ಡಿಸ್ಕೂ ಹಿಡಿಸುವ ದೊಡ್ಡ ಟೇಪು ಬೇಕೆಂದು ಸಾಹೇಬರಿಗೆ ಹೇಳಬೇಕಾಗುತ್ತಿತ್ತು, ಮರೆತದ್ದು ತಾನು ಎಂದೂ ಹೇಳಬೇಕಾಗುತ್ತಿತ್ತು, ಅದಕ್ಕಿಂತ ನಾನು ನಗುವುದು ಸುಲಭ. ಮತ್ತೆ ಇವತ್ತು ಮೀಟಿಂಗ್ ಮುಗಿದ ಮೇಲೆ ಜಿನೆಯ ಮೆಟ್ಟಿಲ ಹತ್ತಿರ, ಯಾರೂ ಇಲ್ಲದಾಗ, ಅವನೇ ಕನ್ನಡದಲ್ಲಿ, ಮನಸಿಗೆ ಹಚ್ಕೋಬ್ಯಾಡವ್ವ, ನನಗ ಎರಡು ಮಕ್ಕಳದಾವ, ನಿನಗರೆ ಯಜಮಾನ್ರ ಪಗಾರ ಅದ. ಹಾಗಾದರೆ ನಾನು ಇಷ್ಟು ದಿನ ಇಲ್ಲಿ ಬಂದದ್ದು ಏನಕ್ಕೆ, ಕಂಪನಿ ಬಸ್ಸಿನ ಗಾಳಿಗಾಗಿಯೇ, ಗಂಡನ ಪಗಾರ ಇದ್ದವಳ ಹೆಸರು ಕೆಟ್ಟರೆ ಕೆಡಲಿ ಎಂದೇ— ಗಾಜಿನ ಬಾಗಿಲು ಟಕಟಕ, ಅವನೇ, ಚಿಲಕ ನನ್ನ ಕಡೆಗಿದೆ, ಅಂಗೈಯನ್ನು ಗಾಜಿಗೆ ಒತ್ತಿ ಬಗ್ಗಿ ನೋಡುತ್ತಿದ್ದಾನೆ, ಏನರೆ ಸಿಕ್ತೇನು ತಂಗಿ, ನನ್ನ ಬಾಯಲ್ಲಿ ಹೌದು ರಾಘಣ್ಣ ಎಂಬುದು ಬಂದೇಬಿಟ್ಟಿತ್ತು, ನುಂಗಿದೆ, ಪರದೆಯ ಮೇಲೆ ಜೂನಿನ ತಾರೀಖು ಹಾಗೇ ಇದೆ, ಅವನೊಂದಿಗೆ ಎಂದೂ ಆಡದ ಭಾಷೆಯಲ್ಲಿ, ನನ್ನ ಒಡಕು ಮರಾಠಿಯಲ್ಲಿ, ಮಿಳಾಲಂ, ಸಾಹೇಬಾಂನಾ ಬೋಲವಾ, ಸಿಕ್ಕಿದೆ, ಸಾಹೇಬರನ್ನು ಕರೆಯಿರಿ, ಎಂದೆ, ಅವನಿಗೆ ಕೇಳಿಸಿತು, ಮುಖ ಅಲ್ಲಿಯೇ ನಿಂತಿತು, ಅಂಗೈ ಗಾಜಿನ ಮೇಲೆ, ಬಸ್ಸಿನ ಸರಳಿನ ಮೇಲೆ, ಗಾಜಿನ ಮೇಲೆ, ಬೆರಳು ಅಗಲಿಸಿ, ಬೆಳ್ಳಗೆ ಚಪ್ಪಟೆಯಾಗಿ, ಆ ಅಂಗೈ