ಬಲಕ್ಕೆ ವಾಲಿದ ಮುಳ್ಳು

ಕರ್ನಾಟಕ ಒಂದಾದ ಆ ತಿಂಗಳು ಊರಿನ ದೊಡ್ಡವರೆಲ್ಲ ಏನಾದರೊಂದು ಹೊಸದನ್ನು ಮಾಡಿ ತೋರಿಸುವ ಹುರುಪಿನಲ್ಲಿದ್ದರು. ಬೆಟಗೇರಿಯ ಅರಳೆ ವ್ಯಾಪಾರಿ ಉಳವಪ್ಪ ತನ್ನ ಮುದಿ ಕಾರಿಗೆ ಮುಂಬಯಿಯಿಂದ ಮೀಟರು ತರಿಸಿದ. ಚಿಕ್ಕ ಗಡಿಯಾರದಂಥ ವಸ್ತು; ಒಂದೇ ಮುಳ್ಳು, ನಡುವೆ ಸೊನ್ನೆ. ಬ್ಯಾಟರಿ ತುಂಬುತ್ತಿದ್ದರೆ ಮುಳ್ಳು ಬಲಕ್ಕೆ, ಖರ್ಚಾಗುತ್ತಿದ್ದರೆ ಎಡಕ್ಕೆ. ಮಿಸ್ತ್ರಿ ಮಹಬೂಬಸಾಬ ಅಂಗಳದಲ್ಲಿ ತಂತಿ ಜೋಡಿಸುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿದ್ದಷ್ಟಕ್ಕೇ ಉಳವಪ್ಪನ ಹೆಂಡತಿ ನೀಲಗಂಗವ್ವನಿಗೆ ಇದು ತಿಳಿದುಹೋಯಿತು. ಉಳವಪ್ಪನಿಗೆ ತಿಳಿಯಲಿಲ್ಲ.

ಎಂಜಿನ್ನು ನಿಂತಿರುವಾಗಲೇ ಅವನು ದೀಪ ಹಚ್ಚಿದ. ಮುಳ್ಳು ಎಡಕ್ಕೆ ಬಿತ್ತು.

"ಥೂ! ಹೊಸಾ ಸಾಮಾನು, ಮೊದಲನೇ ಸಲಕ್ಕನ ಎಡಕ್ಕ?"

"ದೀಪ ಉರದ್ರ ಖರ್ಚಾಗತೈತಲ್ರಿ ಸಾವ್ಕಾರ" ಎಂದ ಮಹಬೂಬಸಾಬ.

"ನಮ್ಮ ಮನ್ಯಾಗ ಯಾವುದೂ ಎಡಕ್ಕ ಹೋಗೂದಿಲ್ಲ. ಎರಡೂ ತಂತಿ ಅದಲು ಬದಲು ಮಾಡು."

"ಆತ್ರಿ. ಗಾಡಿ ನಿಮ್ಮದು" ಎಂದು ಮಿಸ್ತ್ರಿ ಮತ್ತೆ ಬಗ್ಗಿದ. ಇಂಥವರ ಹಟದಿಂದಲೇ ಅವನ ಅಂಗಡಿ ನಡೆಯುತ್ತಿತ್ತು.

ಆ ಮನೆಯಲ್ಲೂ ನೀಲಗಂಗವ್ವನ ತವರಿನಲ್ಲೂ ಏನು ಮಾಡುವುದಿದ್ದರೂ ವೀರಭದ್ರನ ಗುಡಿಗೆ ಹೋಗಿ ಹೂ ಕೇಳುತ್ತಿದ್ದರು. ಮೂರ್ತಿಗೆ ಹಚ್ಚಿದ ಹೂ ಬಲಗಡೆ ಬಿದ್ದರೆ ದೇವರು ಒಪ್ಪಿದ ಹಾಗೆ. ಬಲಕ್ಕೆ ಬಿದ್ದ ಒಂದು ಸೇವಂತಿಗೆಯೇ ನೀಲಗಂಗವ್ವನನ್ನು ಈ ಮನುಷ್ಯನ ಕೈಗೆ ಕೊಟ್ಟದ್ದು. ಹೂವಿನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಬಾಡಿ ಬೀಳುವ ಹೂವಿಗೇನು ಗೊತ್ತು? ಗಂಡನ ಮೇಲೂ ಈಗ ಸಿಟ್ಟಿರಲಿಲ್ಲ. ತಣ್ಣಗಾದ ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟುವಂತೆ ಒಳಗೆ ಏನೋ ಹೆಪ್ಪುಗಟ್ಟಿತ್ತು, ಅಷ್ಟೆ.

ಈಗ ಮುಂಡರಗಿಯ ತವರಿನಲ್ಲಿ ತಂಗಿ ಕಸ್ತೂರೆವ್ವನ ಸರದಿ. ಹೂ ಬಲಕ್ಕೆ ಬಿದ್ದಿತ್ತು. ವರ ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು. ಸೋಮವಾರ ದೀಪ ಹಚ್ಚುವ ಹೊತ್ತಿಗೆ ವೀಳ್ಯ ಬದಲಾಯಿಸಿ ನಿಶ್ಚಯ ಮಾಡುವುದೆಂದು ಗೊತ್ತಾಗಿತ್ತು. "ಅಕ್ಕಾ, ನಾ ಒಲ್ಲೆ ಅಂದ್ರ ಯಾರೂ ಕೇಳವಲ್ರು. ವೀಳ್ಯ ಆಗೂಕಿಂತ ಮೊದಲ ನೀ ಬಾ" ಎಂದು ತಂಗಿ ಹೇಳಿಕಳಿಸಿದ್ದಳು.

ತಂತಿ ಬದಲಾದ ಮೇಲೆ ಎಂಜಿನ್ನು ಓಡಿ ಬ್ಯಾಟರಿ ತುಂಬಿದರೆ ಮುಳ್ಳು ಎಡಕ್ಕೆ ಹೋಗತೊಡಗಿತು. ಉಳವಪ್ಪ ಅದಕ್ಕೂ ಉಪಾಯ ಕಂಡುಕೊಂಡ. ಹಾಡುಹಗಲೇ ದೀಪ ಹಚ್ಚಿಕೊಂಡು ಗಾಡಿ ಓಡಿಸಿದ. ಮುದಿ ಡೈನಮೋ ಹುಟ್ಟಿಸುವ ಕರೆಂಟಿಗಿಂತ ದೀಪಗಳು ತಿನ್ನುವುದೇ ಹೆಚ್ಚಾಗಿ, ಮುಳ್ಳು ಬಲಕ್ಕೇ ನಿಂತಿತು. ಅವನ ಮುಖದಲ್ಲಿ ಗುಡಿಯಿಂದ ಹೊರಬಂದವನ ಕಳೆ.

ಸೋಮವಾರ ಮಧ್ಯಾಹ್ನ ಗಂಡ ಹೆಂಡತಿ ಹಾಗೆಯೇ ದೀಪ ಹಚ್ಚಿಕೊಂಡು ಮುಂಡರಗಿಗೆ ಹೊರಟರು. ತಿರುವಿ ಎಂಜಿನ್ನು ಎಬ್ಬಿಸುವ ಹ್ಯಾಂಡಲ್ಲನ್ನು ಅವನು ಮನೆಯಲ್ಲೇ ಬಿಟ್ಟಿದ್ದ. ಮೀಟರಿನ ಗಾಡಿಗೆ ಅದು ಶೋಭೆಯಲ್ಲವಂತೆ.

ದಾರಿಯಲ್ಲಿ ಎದುರಾದ ಬಂಡಿಯವನು ಕೂಗಿದ: "ಯಾಕ್ರಿ ಸಾವ್ಕಾರ, ಸೂರ್ಯಾ ಸಾಲವಲ್ನೇನ್ರಿ?"

"ದೀಪ ಆರಿಸ್ರಿ. ಬ್ಯಾಟರಿ ಖಾಲಿ ಆಗಾಕತ್ತೈತಿ" ಎಂದಳು ನೀಲಗಂಗವ್ವ.

"ಮುಳ್ಳು ಎತ್ತಾಗ ಐತಿ ನೋಡು. ಒಲಿ ಮುಂದ ಕುಂಡ್ರಾಕಿಗೆ ಇದೆಲ್ಲ ತಿಳಿಯೂದಿಲ್ಲ."

ಒಲೆಯಲ್ಲಿ ಉರಿದದ್ದು ಬೂದಿಯಾಗುತ್ತದೆ ಎಂಬುದಾದರೂ ಒಲೆ ಮುಂದೆ ಕೂತವಳಿಗೆ ತಿಳಿದಿತ್ತು.

ಡಂಬಳದಲ್ಲಿ ಪರಿಚಯದ ವ್ಯಾಪಾರಿ ಅಂದಪ್ಪ ಕಂಡದ್ದೇ ತಡ, ಉಳವಪ್ಪ ರಸ್ತೆ ಬದಿ ಗಾಡಿ ನಿಲ್ಲಿಸಿದ. ಎಂಜಿನ್ನು ಬಂದ್ ಮಾಡಿ ದೀಪ ಉರಿಯಲು ಬಿಟ್ಟ. ಮುಳ್ಳು ಇನ್ನಷ್ಟು ಬಲಕ್ಕೆ ಸರಿಯಿತು.

"ನೋಡ್ರಿ ಅಂದಪ್ಪನವರ, ನಿಂತಲ್ಲೇ ತುಂಬತೈತಿ!"

"ಭಾರಿ ಐತ್ರಿ!" ಎಂದ ಅಂದಪ್ಪ. ಅವನಿಗೂ ಏನೂ ತಿಳಿದಿರಲಿಲ್ಲ. ತಿಳಿಯದ ಇಬ್ಬರು ಒಬ್ಬರಿಗೊಬ್ಬರು ತಲೆಯಾಡಿಸುತ್ತ, ಚಹಾ ತರಿಸಿಕೊಂಡು ಕುಡಿದರು. ಹೊತ್ತು ಇಳಿಯಿತು.

ಮತ್ತೆ ಸ್ಟಾರ್ಟರ್ ಒತ್ತಿದಾಗ ಗಾಡಿ ಒಮ್ಮೆ ನರಳಿ ಸುಮ್ಮನಾಯಿತು. ನಾಲ್ಕು ಜನ ಸೇರಿ ದಬ್ಬಿದರು. ಕಿಡಿ ಹುಟ್ಟಲಿಲ್ಲ.

"ಈಗರೆ ದೀಪ ಆರಿಸ್ರಿ" ಎಂದಳು ನೀಲಗಂಗವ್ವ.

"ಆರಿಸಿದ್ರ ಮುಳ್ಳು ಇಳೀತೈತಿ!"

ಅಷ್ಟರಲ್ಲಿ ಮುಂಡರಗಿಯ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವಳು ರಸ್ತೆಯ ನಡುವೆ ನಿಂತು ಕೈ ಮಾಡಿದಳು. ಸಾಹುಕಾರರ ಮನೆಯ ಹೆಂಗಸು ಒಬ್ಬಳೇ ಬಸ್ಸು ಹತ್ತುವುದನ್ನು ಡಂಬಳದವರು ಬಾಯಿ ಬಿಟ್ಟುಕೊಂಡು ನೋಡಿದರು.

"ಏ, ಎಲ್ಲಿಗೆ? ಇಲ್ಲೆ ಮುಳ್ಳು ನೋಡು, ಇನ್ನೂ ಬಲಕ್ಕೈತಿ!"

"ಹಂಗಾರ ಅದರ ಜೋಡಿ ಕುಂಡ್ರಿ" ಎಂದು ಹೇಳಿ ಅವಳು ಹತ್ತಿದಳು. ಹಿಂದೆ ಎರಡು ದೀಪಗಳು ಮಂಕಾಗುತ್ತ, ಹಳದಿಯಾಗಿ, ಕೊನೆಗೆ ಧೂಳಿನಲ್ಲಿ ಕಾಣದಾದವು. ತಿರುಗಿ ನೋಡಿದ್ದೂ ಹೆಚ್ಚಾಯಿತೆನಿಸಿ ಅವಳು ಮುಂದಕ್ಕೆ ಮುಖ ಮಾಡಿದಳು.

ತವರಿನ ಪಡಸಾಲೆಯಲ್ಲಿ ವೀಳ್ಯದ ತಟ್ಟೆ ಇನ್ನೂ ಬದಲಾಗದೆ ವರನಿಗೂ ಅಪ್ಪನಿಗೂ ನಡುವೆ ಇತ್ತು. ತಂಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಅಳಿಯಂದಿರು ಎಲ್ಲೆವ್ವಾ?" ಎಂದ ಅಪ್ಪ.

"ಬಲಗಡೆ ನೋಡಕೋತ ಕುಂತಾರ. ಅಪ್ಪಾ, ಹೂವಿಗೆ ಕೇಳಿದಿ. ಹುಡುಗಿಗೆ ಯಾವಾಗ ಕೇಳಾಂವ?"

ವರ ಮೀಸೆ ತಿರುವುವುದನ್ನು ನಿಲ್ಲಿಸಿದ. ನೀಲಗಂಗವ್ವ ಚಾಪೆಯ ನಡುವೆ ಕುಳಿತು, ವೀಳ್ಯದ ತಟ್ಟೆಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಬಾರೆ ಕಸ್ತೂರಿ, ಹೊರಗ ಬಾ. ಎಲ್ಲಾರ ಮುಂದ ನೀನ ಹೇಳು" ಎಂದಳು.

ಕಸ್ತೂರೆವ್ವ ಬಾಗಿಲು ದಾಟಿ ಬಂದಳು. "ಒಲ್ಲೆ" ಎಂದಳು.